ಅಜ್ಜನ ರೈಫಲ್ ಅಜ್ಜನ ಜೊತೆಗೇ ಹೋಗಲಿ

ನಿಖಿತಾ,

ಬಾಪೂಜಿ ನಗರಕ್ಕೆ ಹೊರಟಿದ್ದೇನೆ. ಕುಕ್ಕರ್ ಇಳಿಯುವಷ್ಟರಲ್ಲಿ ಇದನ್ನು ಬರೆಯುತ್ತಿದ್ದೇನೆ. ಎದುರಿಗೆ ಸಿಕ್ಕರೆ ಬೈದುಬಿಡುತ್ತೇನೆ.

ಹೋದ ಭಾನುವಾರ ನೀನು ಅಜ್ಜನನ್ನು ನಾಯಂಡಹಳ್ಳಿಯ ಟೀ ಅಂಗಡಿಯಲ್ಲಿ ಕೂರಿಸಿ, ಅವರ ರೈಫಲ್ ತೆಗೆದುಕೊಂಡು ಒಬ್ಬಳೇ ಶೂಟಿಂಗ್ ರೇಂಜಿಗೆ ಹೋದೆ. ಕೇಳಿದರೆ ನಿನ್ನ ಉತ್ತರ, "ಲೈಸೆನ್ಸ್ ಬ್ಯಾಗಲ್ಲೇ ಇತ್ತಲ್ಲಮ್ಮ!" ಅದೇನು ಸ್ಕೂಟರಿನ ಆರ್‌ಸಿಯೇ? ಲೈಸೆನ್ಸ್ ಯಾರ ಹೆಸರಿನಲ್ಲಿದೆಯೋ ಅವರೂ ಜೊತೆಗಿರಬೇಕು. ಪೊಲೀಸರು ಹಿಡಿದಿದ್ದರೆ ನಿನ್ನ ಮೇಲೆ ಕೇಸು, ಅವರ ನಲವತ್ತು ವರ್ಷದ ಲೈಸೆನ್ಸ್ ರದ್ದು.

ಎರಡು ಗಂಟೆ ಕಾದು ಬಂದ ಅಜ್ಜ ನನಗೇ ಹೇಳುತ್ತಾರೆ: "ಅಕಿಗೆ ಬೈಬ್ಯಾಡವ್ವ, ನಾನ ಹೋಗು ಅಂದಿದ್ದೆ." ಸುಳ್ಳು. ಅವರ ನಿಧಾನದ ನಡಿಗೆಯೆಂದರೆ ನಿನಗೆ ನಾಚಿಕೆ. ನಿನಗೆ ಗುರಿ ಹಿಡಿಯಲು ಕಲಿಸಿದವರೇ ಅವರು.

ಇವತ್ತು ಇಬ್ಬರೂ ಒಂದೇ ಆಟೋದಲ್ಲಿ ರೇಂಜಿಗೆ ಹೋಗಿ. ರೈಫಲ್ ಖಾಲಿ ಇದೆಯೆಂದು ಅವರೇ ನೋಡಿ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ತೋಟಾ ಬೇರೆ ಚೀಲದಲ್ಲಿದೆ. ಡಬ್ಬಿಯಲ್ಲಿ ಚಪಾತಿ, ಇಬ್ಬರಿಗೂ.

ನೀನು ಮತ್ತೆಲ್ಲಿ ಬಿಟ್ಟುಹೋಗುತ್ತೀಯೋ ಎಂದು ಅಜ್ಜ ಬೆಳಿಗ್ಗೆ ಆರಕ್ಕೇ ವಿಭೂತಿ ಹಚ್ಚಿ, ಶೂ ಹಾಕಿಕೊಂಡು ಬಾಗಿಲ ಬಳಿ ಕೂತಿದ್ದಾರೆ.

ಪೆಟ್ಟಿಗೆ ಅವರೇ ಹಿಡಿದುಕೊಳ್ಳಲಿ. ಮೆಟ್ಟಿಲಿಳಿಯುವಾಗ ನೀನು ಅವರ ಕೈ ಹಿಡಿದುಕೋ.

ಅಮ್ಮ