ಕೌದಿ ಚೀಲದ ಹತಾರಗಳು

ಮೂಡಲಗಿ,
೨೦ ಅಕ್ಟೋಬರ್ ೧೯೪೪

ನಮ್ಮ ಮನೆಯವರಿಗೆ ಶಿವಗಂಗಾ ಮಾಡುವ ಶರಣುಗಳು,

ಗಾಯ ಆರಿತೇ? ದವಾಖಾನೆಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಕೊಡುತ್ತಾರೆಯೇ? ಪುಣೆಯಲ್ಲಿ ಚಳಿ ಶುರುವಾಗಿರಬೇಕು, ಕಂಬಳಿಯನ್ನು ಬೇರೆ ಗಂಟಿನಲ್ಲಿ ಕಳಿಸಿದ್ದೇನೆ. ಇಲ್ಲಿ ಎಲ್ಲರೂ ಆರಾಮ. ಕಪ್ಪು ಎಮ್ಮೆ ಈದು ಹೆಣ್ಣುಕರು ಹಾಕಿದೆ. ಕರು ಅಡ್ಡ ತಿರುಗಿತ್ತು. ಕೈಹಾಕಿ ಸರಿಮಾಡುವ ನೀವಿಲ್ಲದೆ ಅದೂ ನಾವೂ ಬಹಳ ಒದ್ದಾಡಿದೆವು. ಮೇಲವಂಕಿ ಹಳ್ಳಿಯವರು ಸಂತೆಗೆ ಬಂದಾಗಲೆಲ್ಲ ಬಾಗಿಲಲ್ಲಿ ನಿಂತು, "ದನದ ಡಾಕ್ಟರ್ ಯಾವಾಗ ಬರ್ತಾರ್ರೀ ಅಕ್ಕಾರ?" ಎಂದು ಕೇಳಿ ಹೋಗುತ್ತಾರೆ.

ದಸರೆ ಮುಗಿದ ವಾರ ನಿಮ್ಮ ಕಾರ್ಡು ಬಂತು. ದಂಡಿನ ಹೇಸರಗತ್ತೆಯ ಕಾಲಡಿ ಸಿಡಿದ ಮದ್ದು ನಿಮ್ಮ ಎಡಪಾದವನ್ನೂ ಒಯ್ದ ಸುದ್ದಿ ನಮಗೆ ಮೊದಲೇ ಮುಟ್ಟಿತ್ತು. ಕಾರ್ಡಿನಲ್ಲಿ ನೀವು ಬರೆದದ್ದು ಇಷ್ಟೇ: ಒಂದು ಕಾಲಿನವನಿಗೆ ಮೋಟಾರ್ ಸೈಕಲ್ ಯಾಕೆ, ಮಾರಿಬಿಡಿ, ಹಳ್ಳಿ ತಿರುಗುವ ಕೆಲಸ ಇನ್ನು ನನ್ನದಲ್ಲ. ಅಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಅತ್ತಾದ ಮೇಲೆ ಮತ್ತೊಮ್ಮೆ ಓದಿದೆ. ಗಾಡಿಯ ಹೆಸರಿನಲ್ಲಿ ನೀವು ನಿಮ್ಮನ್ನೇ ಕೈಬಿಡಲು ಹೊರಟಂತೆ ಕಂಡಿತು. ಮರುದಿನದ ಹೊತ್ತಿಗೆ ನನಗೆ ಸಿಟ್ಟು ಬಂದಿತ್ತು. ನನ್ನ ಸಿಟ್ಟು ನಿಮಗೆ ಗೊತ್ತೇ ಇದೆ.

ನಿಮ್ಮ ಅಣ್ಣ ಯಲ್ಲಪ್ಪ ಭಾವ ಆಗಲೇ ಹತ್ತರಗಿಯ ವ್ಯಾಪಾರಿಯೊಬ್ಬನಿಗೆ ಮಾತು ಕೊಟ್ಟಿದ್ದರು. "ಎರಡ ವರ್ಸ ಆತು, ಕೊಟ್ಟಿಗ್ಯಾಗ ನಿಂತೈತಿ. ಅದರ ಬುಡಕ ಬೆಕ್ಕ ಮರಿ ಹಾಕೇತಿ. ಸತ್ತ ಕಬ್ಬಿಣ ಕಾಯಕೋತ ಯಾಕ ಕುಂದರಬೇಕವಾ?" ಎಂದರು. ದೀಪಾವಳಿ ಪಾಡ್ಯದ ತನಕ ಪುರಸೊತ್ತು ಕೊಡಿರೆಂದು ಕೇಳಿಕೊಂಡೆ. ಭಾವ ನಕ್ಕರು. "ಆತು. ಪಾಡ್ಯದ ದಿನ ಅದು ಗುಡುಗಿದ್ರ ಮನ್ಯಾಗಿರಲಿ. ಇಲ್ಲಂದ್ರ ಚಕ್ಕಡ್ಯಾಗ ಹೇರಿ ಕಳಸೂದು." ಕಟ್ಟೆಯ ಮೇಲೆ ಕೂತ ನಾಲ್ಕು ಜನರೆದುರು ಆಡಿದ ಮಾತು.

ಗುಡುಗಿಸಬೇಕಾದರೆ ಹತಾರ ಬೇಕಲ್ಲ? ಗಾಡಿಯನ್ನು ಇಲ್ಲಿ ಬಿಟ್ಟು ಹತಾರದ ಚೀಲವನ್ನು ದಂಡಿಗೆ ಒಯ್ದ ಪುಣ್ಯಾತ್ಮರು ನೀವು. ಹೇಸರಗತ್ತೆಗಳಿಗೆ ಪಾನಾ ಹಾಕಿ ತಿರುವುತ್ತಿದ್ದಿರೇನು? ಗೋಕಾಕಕ್ಕೆ ಹೋಗಿ, ಗಿರಣಿಯಲ್ಲಿ ಫಿಟ್ಟರ್ ಆಗಿರುವ ನನ್ನ ಅಣ್ಣ ಅಪ್ಪಣ್ಣನ ಮುಂದೆ ಕೂತೆ. "ಮನಿ ಬಾಳೆ ಬಿಟ್ಟು ಗ್ಯಾರೇಜ ತಗೀತಿ ಏನಽ ತಂಗಿ?" ಎಂದು ಕಾಡಿದ. ಆದರೆ ತನ್ನ ಸ್ವಂತದ ಮೂರು ಪಾನಾ ಕೊಟ್ಟ. ನಟ್ಟಿಗೆ ಸಡಿಲಾಗುವ ಪಾನಾ ಹಾಕಿದರೆ ಅದರ ಮೂಲೆ ಸವೆದು ಮುಂದೆ ಯಾರ ಕೈಗೂ ಬಗ್ಗುವುದಿಲ್ಲವೆಂದು ಕಲಿಸಿದ. ಪ್ಲಗ್ಗು ಬಿಚ್ಚುವ ಕೊಳವೆಯನ್ನು ನಮ್ಮೂರ ಕಂಬಾರ ಹಳೆಯ ಪೈಪಿನ ತುಂಡಿನಿಂದ ಬಡಿದುಕೊಟ್ಟ. ಮೂಗುತಿ ಉಜ್ಜುವ ಸಣ್ಣ ಅರವನ್ನು ಪತ್ತಾರರ ಮನೆಯ ಕಾಶೆವ್ವ ಕೊಟ್ಟಳು. ಇಕ್ಕಳ ಮನೆಯಲ್ಲೇ ಇತ್ತು. ಇದನ್ನೆಲ್ಲ ಇಡಲು ನಿಮ್ಮ ಅವ್ವ ಹಳೆಯ ಕೌದಿಯ ತುಂಡಿಗೆ ಉದ್ದುದ್ದ ಜೇಬು ಹೊಲಿದು, ಸುತ್ತಿ ಕಟ್ಟಲು ಲಾಡಿ ಇಟ್ಟರು. ಬಿಚ್ಚಿ ಹಾಸಿದರೆ ಒಂದೊಂದು ಹತಾರಕ್ಕೂ ಒಂದೊಂದು ಮನೆ. ಒಂದು ಜೇಬು ಖಾಲಿಯಾದರೂ ಕಣ್ಣಿಗೆ ಹೊಡೆಯುತ್ತದೆ. ಬರೆಯುವಾಗ ತಕ್ಕ ಶಬ್ದ ತಾನಾಗಿ ಸಾಲಿಗೆ ಬಂದು ಕೂತರೆ ಆಗುವ ಸಮಾಧಾನವೇ ಇದರಲ್ಲೂ ಇದೆ. ನಗಬೇಡಿ.

ಪ್ಲಗ್ಗು ಬಿಚ್ಚಿ ತೊಳೆದೆ. ಪೆಟ್ರೋಲ್ ಟಾಕಿಯ ತಳದ ಕೆಸರು ತೆಗೆದೆ. ಬಸ್ಸಿನ ಡ್ರೈವರ್ ಪರಪ್ಪ ಒಂದು ಬಾಟಲಿ ಪೆಟ್ರೋಲ್ ಕೊಟ್ಟಿದ್ದರು. ಅಷ್ಟೆಲ್ಲ ಮಾಡಿದರೂ ಕಿಡಿಯಿಲ್ಲ. ಕಡೆಗೆ ಕಿಡಿ ಹುಟ್ಟಿಸುವ ಮ್ಯಾಗ್ನೆಟೋದ ಹಿತ್ತಾಳೆಯ ಮುಚ್ಚಳ ತೆಗೆದೆ. ಒಳಗೆ ಏನಿತ್ತು ಹೇಳಿ? ವಿಭೂತಿ! ಮೂರು ಬೆರಳಿನ ಪಟ್ಟೆ, ನಡುವೆ ಎಣ್ಣೆ ಕುಂಕುಮ, ಒಣಗಿದ ಚೆಂಡುಹೂವಿನ ಎಸಳು. ನೀವೇ ಒಮ್ಮೆ ಅತ್ತೆಯವರಿಗೆ, "ಬೆಂಕಿ ಹುಟ್ಟೂದು ಇಲ್ಲೇ ನೋಡಬೇ" ಎಂದು ಮುಚ್ಚಳ ತಿರುವಿ ತೋರಿಸಿದ್ದಿರಂತೆ. ಬೆಂಕಿ ಇರುವ ಜಾಗವನ್ನು ಬಿಟ್ಟು ಬರೀ ಗಾಲಿಗೆ ಹಚ್ಚಿದರೆ ಅದೆಂಥ ಖಂಡೆಪೂಜೆ ಎಂದು, ಅವರು ಪ್ರತಿ ದಸರೆಗೂ ಭಕ್ತಿಯಿಂದ ಮುಚ್ಚಳ ತೆಗೆದು ಒಳಗೇ ಪೂಜೆ ಮಾಡಿದ್ದಾರೆ. ಮಗ ದಂಡಿಗೆ ಹೋದ ಮೇಲೆ ಪಟ್ಟೆ ಇನ್ನೂ ದಪ್ಪವಾಗಿದೆ.

ನಾನು ಬಾಯಿ ತೆರೆಯುವ ಮೊದಲೇ ಅವರಿಗೆ ತಿಳಿಯಿತು. "ಶಿವನಽ, ನಾನಽ ಅದರ ಉಸಿರ ಕಟ್ಟಿದೆನೇನಽ?" ಎಂದು ಕೂತುಬಿಟ್ಟರು. ನೀವು ಸುಖವಾಗಿ ಬರಲೆಂದು ಹಚ್ಚಿದ್ದು ತಾನೇ? ಅರಿವೆಯಿಂದ ಮೆಲ್ಲಗೆ ಒರೆಸಿ, ಎಸಳನ್ನು ಅವರ ಕೈಗೇ ಕೊಟ್ಟು, "ಅತ್ತೀ, ಬೂದಿ ಹೋದ್ರ ಬೆಂಕಿ ಬರತೈತ್ರೀ" ಎಂದೆ. ಒಳಗೆ ಒಂದನ್ನೊಂದು ಮುಟ್ಟಿ ಬಿಡುವ ಎರಡು ಸಣ್ಣ ಚುಕ್ಕೆಗಳನ್ನು ಪತ್ತಾರರ ಅರದಿಂದ ಉಜ್ಜಿದೆ. ಅವುಗಳ ನಡುವೆ ಪೋಸ್ಟ್ ಕಾರ್ಡಿನಷ್ಟೇ ಸಂದು ಇರಬೇಕೆಂದು ಅಪ್ಪಣ್ಣ ಹೇಳಿದ್ದ. ಮನೆಯಲ್ಲಿದ್ದದ್ದು ನಿಮ್ಮ ಕಾರ್ಡು. "ಮಾರಿಬಿಡಿ" ಎಂದಿದ್ದ ಸಾಲನ್ನೇ ಕತ್ತರಿಸಿ ಸಂದಿನಲ್ಲಿ ಇಟ್ಟು ಅಳತೆ ಹಿಡಿದೆ. ಆ ಮಾತು ಉಪಯೋಗಕ್ಕೆ ಬಂದದ್ದು ಅಷ್ಟಕ್ಕೇ. ಆಮೇಲೆ ಪ್ಲಗ್ಗನ್ನು ಇಂಜಿನ್ನಿಗೆ ತಾಗಿಸಿಟ್ಟು ಕಿಕ್ ಒದ್ದೆ. ಅಗಸಿ ಹೂವಿನ ಬಣ್ಣದ ಕಿಡಿ ಹಾರಿತು. ಅಷ್ಟು ಚಿಕ್ಕದರಲ್ಲಿ ಅಷ್ಟು ನೀಲಿ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಪಾಡ್ಯದ ದಿನ ಆ ವ್ಯಾಪಾರಿ ಚಕ್ಕಡಿ ಹೂಡಿಕೊಂಡೇ ಬಂದ. ಅಂಗಳದ ತುಂಬ ಜನ. ಸೀರೆಯ ಕಚ್ಚೆ ಬಿಗಿದು ಮೊದಲ ಸಲ ಒದ್ದೆ, ಕೆಮ್ಮಿತು. ಇನ್ನೊಮ್ಮೆ ಒದ್ದೆ, ಅದೂ ಇಲ್ಲ. "ಎಮ್ಮೀನರ ಒದ್ದಿದ್ರ ಹಾಲ ಬರತಿತ್ತು" ಎಂದು ಯಾರೋ ಅಂದರು, ಎಲ್ಲರೂ ನಕ್ಕರು. ನಾನು ತಲೆ ಎತ್ತಲಿಲ್ಲ. ಪೆಟ್ರೋಲಿನ ನಳ ಇನ್ನಷ್ಟು ತಿರುವಿ, ಮೈಭಾರವನ್ನೆಲ್ಲ ಕಾಲಿಗೆ ಇಳಿಸಿ ಒದ್ದೆ ನೋಡಿ! ಹಬ್ಬಕ್ಕೆ ಕೋಡು ಬಳಿದು ನಿಲ್ಲಿಸಿದ್ದ ಎಮ್ಮೆಗಳು ಹಗ್ಗ ಕಿತ್ತು ಓಡಿದವು, ವ್ಯಾಪಾರಿಯ ಎತ್ತುಗಳು ಖಾಲಿ ಚಕ್ಕಡಿ ಎಳೆದುಕೊಂಡು ಊರ ಅಗಸಿ ಬಾಗಿಲು ದಾಟಿದವು. ಅತ್ತೆಯವರು ಚಪ್ಪಾಳೆ ತಟ್ಟಿ ಕೂಗಿದರು, "ಗುಡುಗಿತ್ರ್ಯೋ! ನನ್ನ ಮಗನ ಗಾಡಿ ಗುಡುಗಿತು!" ಎತ್ತು ಹಿಡಿದು ತಂದ ವ್ಯಾಪಾರಿ, "ನಡೆಯೂ ಗಾಡಿ ಅಂದ್ರ ಬೆಲಿ ಹೆಚ್ಚ ಕೊಡ್ತೇನ್ರೀ" ಎಂದ. ಭಾವ ನನ್ನ ಮಸಿ ಕೈಗಳನ್ನು ನೋಡಿದರು. "ಗುಡುಗಿದ್ರ ಮನ್ಯಾಗಿರತೈತಿ ಅಂದೇನಿ. ನೀವು ಹೋಳಿಗಿ ಉಂಡ ಹೋಗ್ರಿ" ಎಂದರು.

ಅವ್ವನ ಆಶೀರ್ವಾದ, ಭಾವನವರ ನೆನಪು, ಹೊಸ ಕರುವಿನ ನೆಕ್ಕು, ಎಲ್ಲ ನಿಮಗೆ. ಮೈ ಕಡೆ ನೋಡಿಕೊಳ್ಳಿ.

ನಿಮ್ಮ
ಶಿವಗಂಗಾ

ತಾ.ಕ.: ಟಪಾಲು ಹೊರಡುತ್ತಿದೆ, ಬೇಗ ಬರೆಯುತ್ತೇನೆ. ನಮ್ಮ ಗಾಡಿಯ ಗೇರು ಕೈಯಲ್ಲಿದೆ, ಒದೆಯುವುದು ಬಲಗಾಲು. ಎಡಗಾಲಿಗೆ ಇದ್ದದ್ದು ಬ್ರೇಕ್ ಒಂದೇ. ಅಪ್ಪಣ್ಣನೂ ಕಂಬಾರನೂ ಕೂಡಿ ಅದನ್ನು ನಿನ್ನೆ ಬಲಗಡೆಗೆ ತಂದರು. ನಿಲ್ಲಿಸುವಾಗ ಕಾಲೂರುವ ಚಿಂತೆ ಬೇಡವೆಂದು ಬಾಜೂಕ್ಕೆ ಮೂರನೆಯ ಗಾಲಿ, ಅದರ ಮೇಲೆ ಒಂದು ಬುಟ್ಟಿ ಕೂಡಿಸುತ್ತಿದ್ದಾರೆ. ನಿಮ್ಮನ್ನು ಕರೆತರಲು ಸ್ಟೇಷನ್ನಿಗೆ ಚಕ್ಕಡಿ ಕಳಿಸುವುದಿಲ್ಲ. ಅಪ್ಪಣ್ಣ ಗಾಡಿ ತಂದು ನಿಲ್ಲಿಸುತ್ತಾನೆ, ನಾನು ಬುಟ್ಟಿಯಲ್ಲಿ ಕೂತಿರುತ್ತೇನೆ. ಮನೆಯವರೆಗೆ ಅದನ್ನು ನಡೆಸಿಕೊಂಡು ಬರುವವರು ನೀವು.