ಬೆಳಗಿನ ಆರರ ದನಿ

ಆಗಸ್ಟ್ 3, ಸೋಮವಾರ
ಇವತ್ತೂ ಬಸ್ ಸ್ಟ್ಯಾಂಡಿನಲ್ಲಿ ಪೇಷಂಟ್ ಹುಡುಕಾಟ. ದಂತ ಕಾಲೇಜಿನ ನಾಲ್ಕನೇ ವರ್ಷದವರೆಲ್ಲರ ಪಾಡೂ ಇದೇ — ಅವರವರ ಪೇಷಂಟನ್ನು ಅವರವರೇ ತರಬೇಕು. ನನಗೆ ಬೇಕಿರುವುದು ಪೂರ್ತಿ ಬೊಚ್ಚುಬಾಯಿ. ಹಲ್ಲು ಸೆಟ್ ಮಾಡಿ ತೋರಿಸದಿದ್ದರೆ ವರ್ಷ ಹೋಯಿತು. ಚಿಪಾ ರೊಟ್ಟಿ ಮಾರುವ ಅಜ್ಜಿಯನ್ನು ಕೇಳಿದೆ. "ನನ್ ಬಾಯಿ ಆಮೇಲ್ ನೋಡ್ವಂತೆ, ಮೊದ್ಲು ಚಿಪಾ ತಗೋ." ತಗೊಂಡೆ.

ಮಧ್ಯಾಹ್ನ ನಮ್ಮ ಕ್ಲಿನಿಕ್ ನೋಡಿಕೊಳ್ಳುವ ಇನ್ಸ್‌ಫ್ರಾನ್ ಮೇಡಂ ಕರೆದರು. ಕಾಲೇಜಿನ ಧ್ಯೇಯಗಳನ್ನು ಊರಿಗೆ ತಿಳಿಸಬೇಕಂತೆ, ರೇಡಿಯೊದಲ್ಲಿ. "ನಿಲ್ಸಾ, ನೀನೇ ಹೋಗು" ಅಂದರು. ಅದೂ ದೋನ್ ಏಲಾದಿಯೊ ಅವರ ಬೆಳಗಿನ ಕಾರ್ಯಕ್ರಮಕ್ಕೆ... ನಮ್ಮ ವಿಲ್ಯಾರಿಕಾ ಊರು ಏಳುವುದೇ ಆ ದನಿಗೆ.

ಆಗಸ್ಟ್ 4
ಬರೆಯದೆ ಇರಲಾರೆ. ರೇಡಿಯೊ ಸ್ಟೇಷನ್ನಿನಲ್ಲಿ ಮೈಕ್ ಮುಂದೆ ಕೂತು, ಕಾಲೇಜು ಕೊಟ್ಟ ಹಾಳೆ ಓದಿದೆ: "ಪೇಷಂಟ್ ಒಪ್ಪುವವರೆಗೆ ನಮ್ಮಲ್ಲಿ ಚಿಕಿತ್ಸೆ ಮುಗಿಯುವುದಿಲ್ಲ."

ದೋನ್ ಏಲಾದಿಯೊ ಕನ್ನಡಕದ ಮೇಲಿಂದ ನೋಡಿದರು. "ಇದು ಹಾಳೆ ಮಾತು. ನೀನ್ ಹೇಳು, ನಿಲ್ಸಾ, ನಿಮ್ಹತ್ರ ಬಂದ್ರೆ ಏನಾಗತ್ತೆ?"

ಬಾಯಿಗೆ ಬಂದದ್ದು ಹೇಳಿದೆ. "ನಿಧಾನ ಆಗತ್ತೆ. ಕಲಿಯೋರಲ್ವಾ. ಆದ್ರೆ ಒಂದೊಂದ್ ಹೆಜ್ಜೆನೂ ಮೇಡಂ ನೋಡ್ತಾರೆ. ಸರಿ ಇಲ್ದಿದ್ರೆ ಮೊದ್ಲಿಂದ ಮಾಡಿಸ್ತಾರೆ."

ಹಾಡು ಹಾಕಿದರು. ಮೈಕ್ ಆರಿಸಿ ಬಾಗಿಲು ಮುಚ್ಚಿದರು. ಬಾಯಿಂದ ಸೆಟ್ ತೆಗೆದು ಅಂಗೈಯಲ್ಲಿ ಹಿಡಿದರು. ಬಿರುಕು, ಅಂಚೆಲ್ಲ ಸವೆದಿದೆ.

"ದಿನಾ ಅಂಟು ಹಾಕಿ ನಿಲ್ಲಿಸ್ತೀನಿ ಮಗಳೇ. ಯಾರ್ಗೂ ಗೊತ್ತಿಲ್ಲ. ಹೊಸದು ಮಾಡಿಸ್ಬೋದು... ದನಿ ಕೆಟ್ರೆ? ಆಮೇಲ್ ನಾನ್ಯಾರು?"

ಹಾಳೆಯ ಅದೇ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಹೊಸದಕ್ಕೆ ಒಪ್ಪಿದರು. ಬೊಚ್ಚುಬಾಯಿ — ಮೇಲೂ, ಕೆಳಗೂ! ಮನೆವರೆಗೆ ಓಡಿಕೊಂಡೇ ಬಂದೆ.

ಆಗಸ್ಟ್ 10
ದೋನ್ ಏಲಾದಿಯೊ ವಸಡಿನ ಅಚ್ಚು ತೆಗೆದೆ. ಓಕರಿಸಿದರು. "ನಿನ್ ಕೈ ಗಂಟ್ಲಲ್ಲಿತ್ತಾ, ಹೊಟ್ಟೇಲಿತ್ತಾ ಡಾಕ್ಟ್ರಮ್ಮ?"

ಆಗಸ್ಟ್ 27
ಮೇಣದಲ್ಲಿ ಹಲ್ಲು ಕೂರಿಸಿ ಮಾತಾಡಿಸಿದೆ. ಅರವತ್ತಾರು ಎಂದು ಹೇಳಿಸುವುದು ಪದ್ಧತಿ — ಸೆಸೆಂತಾ ಇ ಸೆಯಿಸ್. ನಮ್ಮ ಭಾಷೆಯಲ್ಲಿ ಅದರ ತುಂಬ 'ಸ'. ಒಂದೊಂದು 'ಸ'ಕ್ಕೂ ಶಿಳ್ಳೆ. ಹಲ್ಲು ಕಿತ್ತು ಮತ್ತೆ ಕೂರಿಸಿದೆ. ಮತ್ತೆ ಕಿತ್ತೆ.

ಸೆಪ್ಟೆಂಬರ್ 11, ಶುಕ್ರವಾರ
ಸೆಟ್ ತಯಾರು. ವಸಡಿಗೆ ಸರಿಯಾಗಿ ಕೂತಿದೆ. ಚಿಪಾ ಕಚ್ಚಿ ಕಣ್ಣು ಮುಚ್ಚಿಕೊಂಡರು. ಆದರೆ ಶಿಳ್ಳೆ — ಸಣ್ಣಗೆ — ಇನ್ನೂ ಇದೆ. ಮಾರ್ಕ್ಸ್ ಹಾಕಲು ಇವತ್ತೇ ಕೊನೆ.

"ಮೇಡಂ, ಕಚ್ಚೋದು ಸರಿಯಾಗಿದೆ. ಪಾಸ್ ಮಾಡ್ಬಿಡಿ."

"ರೇಡಿಯೊದಲ್ಲಿ ಆ ಹಾಳೆ ಓದಿದ್ ಯಾರು?"

"...ನಾನೇ."

"ಹಾಗಾದ್ರೆ ಮಾರ್ಕ್ಸ್ ತಡ ಆಗತ್ತೆ ಅಂತ ಆಫೀಸಿಗೆ ನಾನ್ ಹೇಳ್ಕೊತೀನಿ. ಸೋಮವಾರ ಇವ್ರು ಆರು ಗಂಟೆ ವಾರ್ತೆ ಓದ್ಲಿ. ಆಮೇಲ್ ಇವ್ರೇ ಒಪ್ಪಿದ್ರೆ ಪಾಸು. ಇಲ್ಲಾಂದ್ರೆ ಮುಂದಿನ್ ವರ್ಷ ಸಿಗೋಣ."

"ಊರೇ ಕೇಳತ್ತೆ ಮೇಡಂ," ಎಂದರು ದೋನ್ ಏಲಾದಿಯೊ. "ಹಳೇದನ್ನ ಜೇಬಲ್ಲೇ ಇಟ್ಕೊಂಡಿರ್ತೀನಿ."

ಸೆಪ್ಟೆಂಬರ್ 12
ಮೇಡಂ ರಜೆಯಲ್ಲೂ ಕ್ಲಿನಿಕ್ ತೆಗೆಸಿದರು. ಮುಂದಿನ ಹಲ್ಲುಗಳ ಹಿಂದೆ ಒಂದು ಪದರ ತುಂಬಿಸಿದೆ. ಆಮೇಲೆ ದೋನ್ ಏಲಾದಿಯೊ ನಮ್ಮ ಅಂಗಳದಲ್ಲಿ ಕೂತು ಪೇಪರನ್ನು ಗಟ್ಟಿಯಾಗಿ ಓದಿದರು, ಸಾವಿನ ಜಾಹೀರಾತೂ ಬಿಡದೆ. ಅಮ್ಮ ಕುಡಿಯಲು ತಣ್ಣನೆಯ ತೆರೆರೆ ಕಷಾಯ ಕೊಡುತ್ತ, "ಬಾಯಲ್ಲಿ ಬಿಸಿ ಗೆಣಸು ಇಟ್ಕೊಂಡಂಗಿದೆ" ಎಂದಳು. ಶಿಳ್ಳೆ ಹೋಗಿದೆ, ದನಿ ದಪ್ಪವಾಗಿದೆ! ಆ ಪದರವನ್ನು ಇಷ್ಟಿಷ್ಟೇ ಉಜ್ಜಿ ತೆಳುಮಾಡಿದೆ. ಸಂಜೆ ಹೊತ್ತಿಗೆ... ಪರವಾಗಿಲ್ಲವೇನೋ. ಅವರು ಹಳೆಯ ಸೆಟ್ಟನ್ನು ಜೇಬಿಗೆ ಹಾಕಿಕೊಂಡು ಹೋದರು.

ಸೆಪ್ಟೆಂಬರ್ 14, ಸೋಮವಾರ, ಬೆಳಿಗ್ಗೆ
ಕೇಳುತ್ತಲೇ ಬರೆಯುತ್ತಿದ್ದೇನೆ. ಅಮ್ಮ ರೇಡಿಯೊ ಜೋರು ಮಾಡಿದ್ದಾಳೆ. ಬೀದಿಯ ಕಿಟಕಿಗಳಲ್ಲೆಲ್ಲ ಅದೇ ಸಂಗೀತ. ನಿಂತಿತು. ದೋನ್ ಏಲಾದಿಯೊ ಉಸಿರೆಳೆದುಕೊಂಡರು.

ಸೆಯಿಸ್. ಆರು ಗಂಟೆ.

ಶಿಳ್ಳೆ ಇಲ್ಲ. ಅದೇ ದನಿ. ಅಮ್ಮ ನನ್ನ ತೋಳು ಹಿಡಿದಿದ್ದಾಳೆ, ಅಕ್ಷರ ಸೊಟ್ಟ.

ವಾರ್ತೆ ಶುರು ಮಾಡುತ್ತಿಲ್ಲ. ಹಾಳೆ ಸರಿಸಿದ ಸದ್ದು. "ವಾರ್ತೆ ಇರ್ಲಿ. ಇಷ್ಟ್ ವರ್ಷ ನಿಮ್ಗೊಂದ್ ವಿಷ್ಯ ಹೇಳಿರ್ಲಿಲ್ಲ. ನಂಗೆ ಒಂದೂ ಹಲ್ಲಿಲ್ಲ. ಈಗ ಬಾಯಲ್ಲಿರೋದು ನಮ್ಮೂರ್ ಹುಡ್ಗಿ ಮಾಡಿದ್ದು. ಹಳೇದನ್ನ ಈಗಷ್ಟೇ ಕಸದ ಬುಟ್ಟಿಗೆ ಹಾಕ್ದೆ. ಆ ಹುಡ್ಗಿ ಹೆಸ್ರು—"