ಮೇಡಂಗೆ ಬರೆದದ್ದು ಎಲ್ಲರಿಗೂ ಹೋಯಿತು

ಜೂನ್ ೧೪, ಶುಕ್ರವಾರ

ಆನ್‌ಲೈನ್ ಕಾಲೇಜಿಗೆ ಸೇರಿ ವಾರವಾಯಿತು, ಮೊದಲ ಪಾಠ ಎಲ್ಲಿದೆಯೆಂದೇ ಇನ್ನೂ ತಿಳಿದಿಲ್ಲ. ಒಂದು ಕಡೆ ಒತ್ತಿದರೆ ವೇಳಾಪಟ್ಟಿ, ಇನ್ನೊಂದು ಕಡೆ ಒತ್ತಿದರೆ ಮತ್ತೆ ಪಾಸ್‌ವರ್ಡ್. ಬೆಳಿಗ್ಗೆ ತಲೆಕೆಟ್ಟು, "ನನ್ನ ಕೈಲಾಗಲ್ಲ ಮೇಡಂ, ಬಿಟ್ಬಿಡ್ತೀನಿ" ಎಂದು ಬರೆದೆ. ಅದು ಹೋದದ್ದು ಇಡೀ ತರಗತಿಗೆ! ನಾಚಿಕೆಯಿಂದ ಲ್ಯಾಪ್‌ಟಾಪ್ ಮುಚ್ಚಿಟ್ಟು ಹೊಲಿಗೆಗೆ ಕೂತರೆ, ಗಿರಾಕಿಯ ಅಂಗಿಗೆ ತೋಳನ್ನೇ ತಿರುಗಿಸಿ ಹಚ್ಚಿದ್ದೆ.

ಸಂಜೆ ನಾದಿನಿ ಲ್ಯಾಪ್‌ಟಾಪ್ ತೆರೆದು ನೋಡಿ ಕೂಗಿದಳು: "ಅತ್ತಿಗೆ, ಬನ್ನಿ ಇಲ್ಲಿ! ಯಾರೋ ಲಾರಿ ಡ್ರೈವರಂತೆ, ನಿಮಗೆ ಉತ್ತರ ಬರೆದಿದಾರೆ."

"ಬಿಡ್ಬೇಡಿ ಅಕ್ಕಾ. ಮೊದಲ ಪಾಠ ನಾನೂ ಹುಡುಕ್ತಾ ಇದೀನಿ. ಸಿಕ್ಕಿದ್ರೆ ನಂಗೂ ಹೇಳಿ."

ಎಷ್ಟು ಹಗುರವಾಯಿತು! ಇನ್ನು ಅವರಿಗೆ ಹೇಳುವುದಕ್ಕಾದರೂ ಹುಡುಕಬೇಕು. "ಆಗಲಿ" ಎಂದು ಬರೆಯಹೊರಟರೆ, ಈಗ ಆ ಪುಟವೇ ಸಿಗುತ್ತಿಲ್ಲ. ಕಣ್ಣು ಎಳೆಯುತ್ತಿದೆ, ಆದರೂ ಇನ್ನೊಂದು ಸಲ ಒತ್ತಿ ನೋಡುತ್ತೇನೆ.